ಕೊಳೆಗೆ ಅಂಟಿದ ತುಕ್ಕು

ಸೈಮಿ ಲೆಪ್ಪಾಲಾಳ ನಾಲಿಗೆಗೆ ಯುವಾಸ್ಕುಲಾ ಊರಿನ ಆ ಪ್ರಯೋಗಾಲಯದಲ್ಲಿ ಹೆದರದವರಿರಲಿಲ್ಲ. ಅವಳು ಬಾಯಿ ತೆರೆದರೆ ನಗದವರೂ ಇರಲಿಲ್ಲ. ಮುಖ ಒಂದಿಷ್ಟೂ ಅಲುಗದೆ, ಹಾಲಿನ ದರ ಹೇಳುವವಳ ದನಿಯಲ್ಲಿ, ಎದುರಿಗಿದ್ದವರ ಚರ್ಮ ಸುಲಿದುಬಿಡುತ್ತಿದ್ದಳು. ಕಾಫಿ ಕೋಣೆಯಲ್ಲಿ ಹೊಸಬನೊಬ್ಬ ತನ್ನ ಮೊದಲ ಫಲಿತಾಂಶ ತಂದು ತೋರಿಸಿದರೆ, "ಚೆನ್ನಾಗಿದೆ. ಫ್ರೇಮ್ ಹಾಕ್ಸಿ ನಿಮ್ಮಮ್ಮಂಗೆ ಕೊಡು, ಅವ್ಳೊಬ್ಳೇ ಇದನ್ನ ನಂಬೋದು" ಎನ್ನುವಳು. ಉಳಿದವರು ಹೊಟ್ಟೆ ಹಿಡಿದುಕೊಂಡು ನಗುವರು. ಹೊಸಬನೂ ನಗಬೇಕು, ಬೇರೆ ದಾರಿಯಿಲ್ಲ. ಸೈಮಿ ಮಾತ್ರ ನಗದೆ ಲೋಟ ತೊಳೆದಿಟ್ಟು ಹೋಗುವಳು.

ಅದು ಅಪ್ಪನಿಂದ ಬಂದ ಆಸ್ತಿ. ಕುಮಿ ನದಿಯ ದಡದ ಕಾಗದದ ಗಿರಣಿಯಲ್ಲಿ ಆತ ದುಡಿಯುತ್ತಿದ್ದ. ಗಿರಣಿ ಮುಚ್ಚಿದ ದಿನ ಮನೆಗೆ ಬಂದು, "ನಾಳೆಯಿಂದ ಬೆಳಿಗ್ಗೆ ಬೇಗ ಎಬ್ಬಿಸ್ಬೇಡಿ" ಎಂದಷ್ಟೇ ಹೇಳಿ, ಮೀನಿನ ಸಾರಿಗೆ ಉಪ್ಪು ಕೇಳಿದ ಮನುಷ್ಯ. ಆ ಮನೆಯಲ್ಲಿ ಅಳುವುದಿದ್ದರೂ ಕೊಂಕಿನಲ್ಲೇ ಅಳಬೇಕಿತ್ತು. ಮಗಳು ಬುದ್ಧಿವಂತೆ, ಓದಿದಳು, ಊರು ಬಿಟ್ಟು ಬಂದಳು, ಡಾಕ್ಟರೇಟಿಗೆ ಸೇರಿದಳು. ಸರಿ, ಬುದ್ಧಿ ಇದ್ದವರೆಲ್ಲ ಬದುಕಿಕೊಳ್ಳುತ್ತಾರೆ ಅಂತ ಯಾರು ಹೇಳಿದ್ದು? ಸೈಮಿಯ ಕೈ ನಯವಾಗಿತ್ತು. ಅದೇ ಅವಳಿಗೆ ಮುಳುವಾಯಿತು. ಗುಂಪಿನಲ್ಲಿ ಎಲ್ಲರಿಗೂ ಗ್ರಾಫೀನ್ ಎತ್ತಿಕೊಡುವ ಕೆಲಸ ಅವಳ ಪಾಲಿಗೆ ಬಿತ್ತು.

ಗ್ರಾಫೀನ್ ಅಂದರೆ ಇಂಗಾಲದ ಒಂದೇ ಒಂದು ಪದರ. ಕುಲುಮೆಯೊಳಗೆ ತಾಮ್ರದ ತಗಡಿನ ಮೇಲೆ ಬೆಳೆಯುತ್ತದೆ. ಅದನ್ನು ಬಿಡಿಸಬೇಕಾದರೆ ಮೇಲೊಂದು ಪ್ಲಾಸ್ಟಿಕ್ ಲೇಪ ಬಳಿದು, ಕೆಳಗಿನ ತಾಮ್ರವನ್ನು ದ್ರಾವಣದಲ್ಲಿ ಕರಗಿಸಿ, ನೀರ ಮೇಲೆ ತೇಲುವ ಪೊರೆಯನ್ನು ಹಾಲಿನ ಕೆನೆ ಎತ್ತಿದ ಹಾಗೆ ಸಿಲಿಕಾನ್ ಬಿಲ್ಲೆಯೊಂದರ ಮೇಲೆ ಎತ್ತಿಕೊಂಡು, ಕೊನೆಗೆ ಆ ಪ್ಲಾಸ್ಟಿಕ್ಕನ್ನು ಅಸಿಟೋನಿನಲ್ಲಿ ತೊಳೆಯಬೇಕು. ಎಷ್ಟು ತೊಳೆದರೂ ಕಣ್ಣಿಗೆ ಕಾಣದಷ್ಟು ಪ್ಲಾಸ್ಟಿಕ್ ಉಳಿದೇ ಉಳಿಯುತ್ತದೆ. ಆ ಕಸುಬಿನವರಿಗೆಲ್ಲ ಇದು ಗೊತ್ತು, ಯಾರೂ ದೊಡ್ಡದು ಮಾಡುವುದಿಲ್ಲ. ಹೀಗೆ ಎತ್ತುತ್ತ ಎತ್ತುತ್ತ ಸೈಮಿಯ ಸ್ವಂತ ಪ್ರಬಂಧ ಮೂಲೆಗೆ ಬಿತ್ತು, ಅವಳ ಹೆಸರು ಬೇರೆಯವರ ಲೇಖನಗಳಲ್ಲಿ ಬಾಲದಂತೆ ಕೊನೆಗೆ ಉಳಿಯಿತು. ಈ ಮೇ ತಿಂಗಳ ಕೊನೆಗೆ ಅವಳ ಕೆಲಸದ ಅವಧಿಯೂ ಮುಗಿಯುವುದಿತ್ತು. ಮುಂದುವರಿಸುವ ಮಾತನ್ನು ಯಾರೂ ಎತ್ತಿರಲಿಲ್ಲ.

ಅವಳು ಸೇರಿದ ವರ್ಷವೇ ಸೇರಿದವನು ಸಂಪ್ಸಾ. ಕೈನು ಕಡೆಯ ಹೈನುಗಾರರ ಮಗ. ನಯವಂತ, ಎಲ್ಲರಿಗೂ ಬೇಕಾದವನು, ಯಾರ ಹುಟ್ಟುಹಬ್ಬವನ್ನೂ ಮರೆಯದವನು. ಅವನ ಪ್ರಬಂಧದ ತಿರುಳು ಇಷ್ಟು: ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳು, ಅಂದರೆ ಮನೆಮಾತಿನ ತುಕ್ಕು, ಗ್ರಾಫೀನಿನ ಮೈಗೆ ನೇರವಾಗಿ ಬೆಸೆದುಕೊಳ್ಳುತ್ತವೆ, ಕಣದಲ್ಲಿರುವ ಆಮ್ಲಜನಕ ಚಾಚಿ ಇಂಗಾಲವನ್ನು ಹಿಡಿಯುತ್ತದೆ, ಎಷ್ಟು ಅಲ್ಲಾಡಿಸಿದರೂ ಬಿಡುವುದಿಲ್ಲ. ಈ ಬೆಸುಗೆಯ ಹೆಸರಿನಲ್ಲಿ ಗುಂಪಿಗೆ ಕೀರ್ತಿ ಬಂದಿತ್ತು. ಪ್ರೊಫೆಸರ್ ಇಲ್ಪೊ ಸ್ಟೆನ್‌ರೂಸ್ ದೇಶ ದೇಶ ಸುತ್ತಿ ಅದನ್ನೇ ಹೇಳಿ ಬಂದಿದ್ದರು.

ಏಪ್ರಿಲಿನಲ್ಲಿ ಸೈಮಿ ಒಂದು ಸಣ್ಣ ಪರೀಕ್ಷೆ ಮಾಡಿದಳು. ಸತ್ಯ ಹುಡುಕಲು ಮಾಡಿದಳು ಅಂತ ಹೇಳಿದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳು ಯಾಕೆ? ಹೊಟ್ಟೆಕಿಚ್ಚಿಗೆ ಮಾಡಿದಳು. ಬಿಲ್ಲೆಗಳನ್ನು ಹೈಡ್ರೋಜನ್ ಕುಲುಮೆಯಲ್ಲಿಟ್ಟು ಉಳಿದಿದ್ದ ಪ್ಲಾಸ್ಟಿಕ್ಕನ್ನು ಪೂರ್ತಿ ಸುಟ್ಟಳು. ಆ ಸ್ವಚ್ಛ ಗ್ರಾಫೀನಿನ ಮೇಲೆ ಸಂಪ್ಸಾನ ಕಣಗಳನ್ನು ಕೂರಿಸಿ ನೀರಿನಲ್ಲಿ ಅಲ್ಲಾಡಿಸಿದಳು. ಅಷ್ಟೂ ಉದುರಿಹೋದವು. ಮತ್ತೆ ಮಾಡಿದಳು, ಮತ್ತೆ ಉದುರಿದವು. ಸುಡದೆ ಬಿಟ್ಟ ಬಿಲ್ಲೆಗಳಲ್ಲಿ ಮಾತ್ರ ಗಟ್ಟಿಯಾಗಿ ಕೂತಿದ್ದವು. ಅಂದರೆ ತುಕ್ಕು ಹಿಡಿದುಕೊಂಡಿದ್ದು ಗ್ರಾಫೀನನ್ನಲ್ಲ, ಅದರ ಮೇಲೆ ಉಳಿದ ಪ್ಲಾಸ್ಟಿಕ್ ಕೊಳೆಯನ್ನು. ಗ್ರಾಫೀನ್ ಯಾರಿಗೂ ಸಲಿಗೆ ಕೊಡುವ ಜಾತಿಯದಲ್ಲ. ಎಲ್ಲಾದರೂ ಹರಿದಿದ್ದರೆ ಆ ಹರುಕಿನಲ್ಲಿ ಮಾತ್ರ ಹಿಡಿಯಲು ಬಿಡುತ್ತದೆ. ಇಡೀ ಪ್ರಬಂಧ ನಿಂತಿದ್ದು ತೊಳೆದರೂ ಉಳಿದ ಕೊಳೆಯ ಮೇಲೆ.

ಸೈಮಿಗೆ ಆ ದಿನ ಎಷ್ಟು ಖುಷಿಯಾಯಿತೆಂದರೆ ಬೇಕರಿಗೆ ಹೋಗಿ ಏಲಕ್ಕಿ ಬನ್ನು ತಂದು ಒಬ್ಬಳೇ ಕೂತು ತಿಂದಳು. ಮಾರನೆಯ ದಿನ, ಪ್ರಯೋಗಾಲಯದ ಒಳಹೋಗುವ ಮೊದಲು ಬಿಳಿ ಉಡುಪು ಹಾಕಿಕೊಳ್ಳುವ ಕೋಣೆಯಲ್ಲಿ ಸಂಪ್ಸಾನಿಗೆ ಹೇಳಿದಳು.

"ನಿನ್ನ ಕಣಗಳು ಗ್ರಾಫೀನ್ ಹಿಡ್ಕೊಂಡಿಲ್ಲ ಕಣೋ. ಕೊಳೆ ಹಿಡ್ಕೊಂಡಿವೆ."

ಅವನು ನಕ್ಕ. ಅವಳು ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರಗಳನ್ನು ತೋರಿಸಿದಳು. ನಗು ನಿಂತಿತು. ಅವನು ಒಂದು ಕಾಲಿಗೆ ಉಡುಪು ಏರಿಸಿ ಇನ್ನೊಂದನ್ನು ಏರಿಸದೆ ಬೆಂಚಿನ ಮೇಲೆ ಕೂತುಬಿಟ್ಟ.

"ಪ್ರಬಂಧ ಪ್ರಿಂಟಾಗಿದೆ ಸೈಮಿ. ಮುಂದಿನ ತಿಂಗಳು ಸಭೆ ಮುಂದೆ ಅದರ ಸಮರ್ಥನೆ."

"ಗೊತ್ತು. ಕಾಗದ ಒಳ್ಳೇದು ಹಾಕ್ಸಿದೀಯ."

ಅವನು ಅತ್ತ. ಅಳುವ ಗಂಡಸನ್ನು ನೋಡಿ ಅವಳಿಗೆ ಮರುಕ ಬರಬೇಕಿತ್ತು. ಬರಲಿಲ್ಲ. ಇಷ್ಟು ವರ್ಷ ನಿನ್ನ ಬಿಲ್ಲೆ ತೊಳೆದವಳು ನಾನು, ಈಗ ನೀನೂ ಸ್ವಲ್ಪ ನೆನೆ ಅಂತ ಅನ್ನಿಸಿತು.

ಸುದ್ದಿ ಸಂಜೆಯೊಳಗೆ ಇಲ್ಪೊಗೆ ಮುಟ್ಟಿತು. ಆ ದೇಶದಲ್ಲಿ ಪ್ರೊಫೆಸರನ್ನೂ ಹೆಸರು ಹಿಡಿದು ಏಕವಚನದಲ್ಲೇ ಕರೆಯುತ್ತಾರೆ. ಅದರಿಂದ ದೊಡ್ಡವರೇನೂ ಸಣ್ಣವರಾಗುವುದಿಲ್ಲ; ಕತ್ತು ಕೊಯ್ಯುವುದಿದ್ದರೂ ಏಕವಚನದಲ್ಲೇ ಕೊಯ್ಯುತ್ತಾರೆ, ಅಷ್ಟೇ. ಇಲ್ಪೊ ಅವಳಿಗೆ ಕಾಫಿ ಬಗ್ಗಿಸಿ ಕೊಟ್ಟರು, ಚಿತ್ರಗಳನ್ನು ನಿಧಾನವಾಗಿ ನೋಡಿದರು, ಕನ್ನಡಕ ಒರೆಸಿದರು.

"ಒಳ್ಳೇ ಕೆಲ್ಸ ಸೈಮಿ. ನಿಜವಾಗ್ಲೂ ಒಳ್ಳೇ ಕೆಲ್ಸ. ಒಂದು ಕೇಳ್ತೀನಿ. ಈ ಕೊಳೆ ಯಾರದು?"

"ಅಂದ್ರೆ?"

"ಗ್ರಾಫೀನ್ ಎತ್ತಿದೋಳು ನೀನು. ತೊಳೆದೋಳು ನೀನು. ನಾಳೆ ಇದು ಹೊರಗೆ ಬಂದ್ರೆ ಜನ ಏನಂತಾರೆ? ಸಂಪ್ಸಾ ತಪ್ಪು ತಿಳ್ಕೊಂಡ ಅಂತಾರೋ, ಸೈಮಿ ಸರಿಯಾಗಿ ತೊಳೀಲಿಲ್ಲ ಅಂತಾರೋ?"

"ಎಲ್ಲರ ಗ್ರಾಫೀನಲ್ಲೂ ಅದು ಇರುತ್ತೆ. ನಿಂಗೂ ಗೊತ್ತು."

"ನಂಗೊತ್ತು. ನಾನೇನು ಹೇಳ್ತೀನಿ ಅನ್ನೋದು ಬೇರೆ ಮಾತು." ಇಲ್ಪೊ ಚಿತ್ರಗಳನ್ನು ಅಂಚು ಸರಿ ಮಾಡಿ ಅವಳ ಕೈಗೇ ಕೊಟ್ಟರು. "ಸಮರ್ಥನೆ ಮುಗೀಲಿ. ಆಮೇಲೆ ಕೂತು ಮಾತಾಡೋಣ."

ಆಮೇಲೆ ಅಂದರೆ ಜೂನ್. ಜೂನಿನಲ್ಲಿ ಅವಳಿಗೆ ಆ ಕಟ್ಟಡದ ಬಾಗಿಲೇ ತೆರೆಯುವುದಿಲ್ಲ, ಕುಲುಮೆಯ ಮಾತು ದೂರವೇ ಉಳಿಯಿತು. ಬಿಲ್ಲೆಗಳೂ ಗುಂಪಿನ ಸ್ವತ್ತು. ಇಲ್ಪೊ ಒಪ್ಪದೆ ಒಂದು ಸಾಲನ್ನೂ ಅವಳು ಎಲ್ಲಿಗೂ ಕಳಿಸುವಂತಿರಲಿಲ್ಲ. ಹೊರಗೆ ಬಂದ ಮೇಲೆ ಸೈಮಿಗೆ ತನ್ನ ಸ್ಥಿತಿ ಸ್ಪಷ್ಟವಾಯಿತು. ಈ ಒಂದು ಮಾತು ತನ್ನ ಹೆಸರಿನಲ್ಲಿ ಹೊರಬಿದ್ದರೆ ಇನ್ನೊಂದು ಕಡೆ ತಲೆ ಎತ್ತಿ ಕೆಲಸ ಕೇಳಬಹುದು. ಬೀಳದಿದ್ದರೆ ತಾನು ಇಷ್ಟು ಕಾಲ ಊರವರ ಪಾತ್ರೆ ತೊಳೆದವಳು, ಅಷ್ಟೇ. ಹೊಟ್ಟೆಕಿಚ್ಚಿಗೆ ಅಂತ ಮಾಡಿದ್ದು ಈಗ ಪ್ರಾಣಕ್ಕೇ ಬಂದಿತ್ತು.

ಸಮರ್ಥನೆಯ ಹಿಂದಿನ ದಿನ ಸಂಪ್ಸಾ ತಾನಾಗಿಯೇ ಅವಳ ಹತ್ತಿರ ಬಂದ. ಸರೋವರದ ದಂಡೆಯಲ್ಲಿ ಇಬ್ಬರೂ ನಿಂತರು.

"ನನ್ನ ಪ್ರಬಂಧ ಪರೀಕ್ಷೆ ಮಾಡೋಕೆ ಬರೋ ಪ್ರತಿವಾದಿ ಕೊಳೆ ವಿಷ್ಯ ಕೇಳೇ ಕೇಳ್ತಾಳೆ. ಕೇಳಿದ ಕೂಡ್ಲೇ ನಾನೇ ಹೇಳ್ತೀನಿ. ಇದನ್ನ ಕಂಡುಹಿಡಿದದ್ದು ಸೈಮಿ ಅಂತ್ಲೇ ಹೇಳ್ತೀನಿ."

"ಇಲ್ಪೊಗೆ ಗೊತ್ತಾ?"

"ಇಲ್ಪೊ ಅಲ್ಲಿ ಅಧ್ಯಕ್ಷನ ಕುರ್ಚೀಲಿ ಕೂತಿರ್ತಾನೆ, ಮಾತಾಡೋ ಹಾಗಿಲ್ಲ. ನನ್ನ ನಂಬು ಕಣೆ. ಇದನ್ನ ಹೊಟ್ಟೇಲಿಟ್ಕೊಂಡು ನಾನು ಬದುಕೋಕಾಗಲ್ಲ."

ಅವನ ಕಣ್ಣಲ್ಲಿ ಸುಳ್ಳಿರಲಿಲ್ಲ. ಆ ಹೊತ್ತಿಗೆ ಅವನು ಹೇಳಿದ್ದನ್ನು ಅವನೂ ನಂಬಿದ್ದ, ಸೈಮಿಯೂ ನಂಬಿದಳು. ಜನ್ಮದಲ್ಲಿ ಯಾರನ್ನೂ ನಂಬದವಳು ನಂಬಲು ಆರಿಸಿಕೊಂಡ ಮನುಷ್ಯ ನೋಡಿ!

ಶುಕ್ರವಾರ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಸಂಪ್ಸಾ, ಇಲ್ಪೊ, ತುರ್ಕು ನಗರದಿಂದ ಬಂದ ಪ್ರತಿವಾದಿ ಮರ್ಯಾನಾ ಏಕ್ಹೋಲ್ಮ್ ಮೂವರೂ ಕಪ್ಪು ಉಡುಪಿನಲ್ಲಿ ಸಾಲಾಗಿ ಒಳಬಂದರು, ಸಭೆ ಎದ್ದು ನಿಂತಿತು. ಪ್ರಬಂಧವನ್ನು ಎಲ್ಲರೆದುರು ಒರೆಗೆ ಹಚ್ಚುವುದು ಪ್ರತಿವಾದಿಯ ಕೆಲಸ. ಆ ಕೆಲವು ಗಂಟೆ ಮಾತ್ರ ಎಲ್ಲರಿಗೂ ಬಹುವಚನ, "ಗೌರವಾನ್ವಿತ ಪ್ರತಿವಾದಿಗಳೇ" ಎನ್ನುವ ಸಂಬೋಧನೆ. ಸೈಮಿಯ ಪಕ್ಕದಲ್ಲಿ ಸಂಪ್ಸಾನ ತಾಯಿ ಹಿಲ್ಕಾ ಕೂತಿದ್ದಳು. ಹಸುಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದಿದ್ದ ಹೆಂಗಸು. ಆ ಇಡೀ ಸಭೆಯಲ್ಲಿ ಮಗನನ್ನು ಬಿಟ್ಟರೆ ಅವಳಿಗೆ ಪರಿಚಯವಿದ್ದದ್ದು ಮಗನ ಜೊತೆಯೇ ಸೇರಿದ್ದ ಸೈಮಿಯೊಬ್ಬಳದೇ. ಮಾತು ಶುರುವಾಗುತ್ತಲೇ ಸೈಮಿಯ ಕೈ ಹಿಡಿದುಕೊಂಡಳು. ಹಾಲು ಕರೆದು ಗಟ್ಟಿಯಾದ ಕೈ.

"ಹಿಡ್ಕೊಂಡಿರ್ತೀನಮ್ಮ, ನಂಗೆ ಎದೆ ಹೊಡ್ಕೊಳ್ತಿದೆ" ಎಂದಳು.

ಮರ್ಯಾನಾ ಚುರುಕಾದ ಹೆಂಗಸು. ಎರಡನೆಯ ಗಂಟೆಯಲ್ಲಿ ಕೇಳಿಯೇ ಕೇಳಿದಳು: "ಗ್ರಾಫೀನ್ ಎತ್ತುವಾಗ ಉಳಿಯುವ ಪ್ಲಾಸ್ಟಿಕ್ ಈ ಬೆಸುಗೆಯಲ್ಲಿ ಕೈಯಾಡಿಸಿಲ್ಲ ಎಂದು ತಾವು ಹೇಗೆ ಖಚಿತವಾಗಿ ಹೇಳುತ್ತೀರಿ?"

ಸಂಪ್ಸಾ ಸೈಮಿಯ ಕಡೆ ನೋಡಿದ, ಆಮೇಲೆ ತಾಯಿಯ ಕಡೆ ನೋಡಿದ, ಆಮೇಲೆ ನೀರು ಕುಡಿದ.

"ನಮ್ಮ ಗುಂಪಿನಲ್ಲಿ ಗ್ರಾಫೀನ್ ಎತ್ತುವ ಕೆಲಸ ಅತ್ಯಂತ ಸ್ವಚ್ಛವಾಗಿ ನಡೆಯುತ್ತದೆ, ಗೌರವಾನ್ವಿತ ಪ್ರತಿವಾದಿಗಳೇ. ಅದನ್ನು ಮಾಡುವವರು ಸಭೆಯಲ್ಲೇ ಇದ್ದಾರೆ."

ಕೆಲವರು ತಿರುಗಿ ಸೈಮಿಯನ್ನು ನೋಡಿ ಮುಗುಳ್ನಕ್ಕರು. ಹಿಲ್ಕಾ ಹೆಮ್ಮೆಯಿಂದ ಅವಳ ಕೈ ಅದುಮಿದಳು. ಮರ್ಯಾನಾ ತಲೆಯಾಡಿಸಿ ಮುಂದಿನ ಪುಟಕ್ಕೆ ಹೋದಳು. ಹೇಡಿ. ಸುಳ್ಳು ಹೇಳಿದ್ದಲ್ಲದೆ ಸುಳ್ಳಿಗೆ ಅವಳನ್ನೇ ಸಾಕ್ಷಿ ನಿಲ್ಲಿಸಿದ.

ಕೊನೆಗೆ ಮರ್ಯಾನಾ ಎದ್ದು ನಿಂತು ತನ್ನ ಒಪ್ಪಿಗೆ ಹೇಳಿದಳು. ಆಗ ಸಂಪ್ಸಾ ಸಭೆಯತ್ತ ತಿರುಗಿ, ಪದ್ಧತಿಯಂತೆ, ಪ್ರಬಂಧದ ಬಗ್ಗೆ ಆಕ್ಷೇಪವಿರುವ ಯಾರೇ ಆದರೂ ಅಧ್ಯಕ್ಷರಲ್ಲಿ ಮಾತು ಕೇಳಿಕೊಳ್ಳಬಹುದು ಎಂದ. ಇದು ನಿಜವಾದ ಆಹ್ವಾನ. ಕೇಳಿದರೆ ಕೊಡಲೇಬೇಕು, ಹೇಳಿದ್ದು ದಾಖಲಾಗಲೇಬೇಕು. ಯಾರೂ ಕೇಳುವುದಿಲ್ಲ ಅನ್ನುವುದೂ ಅಷ್ಟೇ ಹಳೆಯ ಪದ್ಧತಿ. ಎಲ್ಲರ ಮನಸ್ಸೂ ಆಗಲೇ ಹೊರಗಿನ ಕಾಫಿ, ಕೇಕಿನ ಕಡೆಗಿತ್ತು. ಇಲ್ಪೊ ನೇರವಾಗಿ ಸೈಮಿಯನ್ನೇ ನೋಡಿದರು.

ಅವಳು ಎದ್ದೇಳಲು ಹೊರಟಳು. ಕೈ ಬರಲಿಲ್ಲ. ಹಿಲ್ಕಾ ಎರಡೂ ಕೈಯಲ್ಲಿ ಅದನ್ನು ಎದೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ, "ಮುಗೀತಲ್ಲಮ್ಮ, ಮುಗೀತಲ್ಲ" ಎಂದು ಪಿಸುಗುಡುತ್ತ ಅಳುತ್ತಿದ್ದಳು. ಕಿತ್ತುಕೊಳ್ಳಬಹುದಿತ್ತು. ಒಂದು ಮುದಿ ಹೆಂಗಸಿನ ಕೈ, ಉಕ್ಕಿನ ಬೇಡಿಯೇನಲ್ಲ. ಆದರೆ ಕಿತ್ತುಕೊಳ್ಳಲು ಬೇಕಾದ ಕ್ರೌರ್ಯ, ನಾಲಿಗೆಯಲ್ಲಿ ಅಷ್ಟೊಂದು ಇದ್ದದ್ದು, ಕೈಯಲ್ಲಿ ಇರಲಿಲ್ಲ. ಇಲ್ಪೊ ಸಭೆ ಮುಗಿಯಿತೆಂದು ಸಾರಿದರು.

ಸಂಜೆಯ ಊಟ ಸರೋವರದ ಪಕ್ಕದ ಹೋಟೆಲಿನಲ್ಲಿ. ಹೊರಗೆ ಮೇ ತಿಂಗಳ ಬಿಸಿಲು ಇನ್ನೂ ಹೊಳೆಯುತ್ತಿತ್ತು. ಆ ಊಟ ಪ್ರತಿವಾದಿಯ ಗೌರವಕ್ಕೆ; ಮಧ್ಯಾಹ್ನ ತನ್ನನ್ನು ಅರೆದವಳಿಗೆ ಸಂಜೆ ಅಭ್ಯರ್ಥಿಯೇ ಉಣಬಡಿಸಬೇಕು. ಭಾಷಣಕ್ಕೂ ಅಲ್ಲಿ ಕಟ್ಟುನಿಟ್ಟು. ಅಭ್ಯರ್ಥಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ನೆನೆಯುತ್ತಾನೆ, ದೊಡ್ಡವರಿಂದ ಸಣ್ಣವರವರೆಗೆ. ಹೆಸರು ಬಂದವರಿಗಷ್ಟೇ ಮಾತಿನ ಹಕ್ಕು, ಅದೂ ಅದೇ ಸರದಿಯಲ್ಲಿ. ಸೈಮಿಗೆ ಆ ಹೊತ್ತು ಬೇಕಾಗಿದ್ದದ್ದು ಒಂದೇ: ತನ್ನ ಹೆಸರು. ಪ್ರತಿವಾದಿ ಎದುರಿಗೇ ಇದ್ದಾಳೆ, ಗುಂಪಿನವರೆಲ್ಲ ಇದ್ದಾರೆ. ಒಂದು ಸಲ ಎದ್ದು ನಿಂತರೆ ಸಾಕು, ಈ ಸಲ ಯಾರೂ ಕೈ ಹಿಡಿಯಲಾರರು.

ಸಂಪ್ಸಾ ಮರ್ಯಾನಾಳನ್ನು ನೆನೆದ, ಇಲ್ಪೊರನ್ನು ನೆನೆದ, ತಾಯಿಯನ್ನು ನೆನೆದ. ಗುಂಪಿನವರನ್ನು ನೆನೆದ. ಕಟ್ಟಕಡೆಗೆ, ಲೋಟ ಅವಳ ಕಡೆ ಎತ್ತಿ, "ಸೈಮಿ ಎತ್ತಿ ಕೊಡದಿದ್ರೆ ನನ್ನ ಕಣಗಳಿಗೆ ಕೂರೋಕೆ ಜಾಗಾನೇ ಇರ್ತಿರ್ಲಿಲ್ಲ" ಎಂದ. ಅವಳ ಹೆಸರು ಬಿಡುವ ಹಾಗೂ ಇರಲಿಲ್ಲ. ಬಿಟ್ಟಿದ್ದರೆ ತಾಯಿಯೇ ಕೇಳುತ್ತಿದ್ದಳು.

ಆಮೇಲೆ ಉತ್ತರಗಳು ಶುರುವಾದವು. ಅಭ್ಯರ್ಥಿಯ ಕಾಲೆಳೆಯದೆ ಆ ಮೇಜಿನಲ್ಲಿ ಯಾರೂ ಮಾತಾಡುವುದಿಲ್ಲ. ಮರ್ಯಾನಾ ಅವನ ಪ್ರಬಂಧ ನಿದ್ದೆ ಬಾರದವರಿಗೆ ಒಳ್ಳೆಯ ಔಷಧಿ ಎಂದಳು. ಇಲ್ಪೊ ಅವನು ಮೊದಲ ವರ್ಷ ಮುರಿದ ಗಾಜಿನ ಕತೆ ಹೇಳಿದರು. ಹಿಲ್ಕಾ ಕೂಡ, ಮಗ ಹಸುವಿಗೆ ಹೆದರಿ ಓದಲು ಹೋದ ಎಂದು ಹೇಳಿ ಎಲ್ಲರನ್ನೂ ನಗಿಸಿ ಕೂತಳು. ವೈನು, ವೋಡ್ಕಾ ಖಾಲಿಯಾಗುತ್ತಿದ್ದಂತೆ ನಗು ಸುಲಭವಾಯಿತು. ಸರದಿ ಕೊನೆಗೆ ಸೈಮಿಯ ಹತ್ತಿರ ಬಂದಾಗ, ಅವಳು ಇನ್ನೂ ಕುರ್ಚಿ ಹಿಂದಕ್ಕೆ ಸರಿಸುವ ಮೊದಲೇ, ಒಬ್ಬ "ಬಂತು, ಬಂತು" ಎಂದು ಅಂಗೈ ಉಜ್ಜಿಕೊಂಡ.

ಅವಳು ಎದ್ದು ನಿಂತಳು. ಮುಖ ಅಲುಗಲಿಲ್ಲ. ಹಾಲಿನ ದರ ಹೇಳುವ ಅದೇ ದನಿ. ಅವಳಿಗೆ ಬೇರೆ ದನಿ ಇರಲೇ ಇಲ್ಲ.

"ಸಂಪ್ಸಾನ ಕಣಗಳು ಗ್ರಾಫೀನಿಗೆ ಬೆಸೆದುಕೊಂಡಿಲ್ಲ" ಎಂದಳು. "ಗ್ರಾಫೀನ್ ಮೇಲೆ ಉಳಿದ ಪ್ಲಾಸ್ಟಿಕ್ ಕೊಳೆಗೆ ಅಂಟಿಕೊಂಡಿವೆ. ಕೊಳೆ ಸುಟ್ಟು ನೋಡಿದೆ. ಎಲ್ಲ ಉದುರಿಹೋದ್ವು."

ಸಂಪ್ಸಾನ ಮುಖ ಸುಣ್ಣದಂತಾಯಿತು. ಆಗ ಇಲ್ಪೊ ನಕ್ಕರು. ತಲೆ ಹಿಂದಕ್ಕೆ ಚೆಲ್ಲಿ, ಮೇಜು ತಟ್ಟಿ, ಮನಸಾರೆ ನಕ್ಕರು. ಅಷ್ಟು ಸಾಕಾಯಿತು. ಇಡೀ ಮೇಜು ಸಿಡಿಯಿತು. ಮರ್ಯಾನಾ ಕಣ್ಣೊರೆಸಿಕೊಂಡಳು, ಅಂಗೈ ಉಜ್ಜಿಕೊಂಡವನು ಕೆಮ್ಮತೊಡಗಿದ.

"ನಾನು ತಮಾಷೆ ಮಾಡ್ತಿಲ್ಲ" ಎಂದಳು ಸೈಮಿ.

ಇದಕ್ಕೆ ಇನ್ನೂ ಜೋರಾದ ನಗು.

"ಆ ಬಿಲ್ಲೆಗಳು ಇವೆ. ಸೋಮವಾರ ಯಾರು ಬೇಕಾದ್ರೂ ಬಂದು ನೋಡ್ಬಹುದು."

"ಸಾಕು ಸಾಕು, ಸಾಯಿಸ್ತೀಯ" ಎಂದು ಯಾರೋ ಕೂಗಿದರು. ಇಲ್ಪೊ ಎದ್ದು ಲೋಟ ಎತ್ತಿದರು. "ಸೈಮಿಯ ಕೊಳೆಗೆ" ಎಂದರು. ಎಲ್ಲರೂ ಎದ್ದು ಅವಳ ಕಣ್ಣಲ್ಲಿ ಕಣ್ಣಿಟ್ಟು ಲೋಟ ಎತ್ತಿ ಕುಡಿದರು. ತನ್ನ ಹೆಸರಿಗೆ ಎತ್ತಿದ ಲೋಟಕ್ಕೆ ಕುಡಿಯದಿರುವುದು ಆ ನಾಡಿನಲ್ಲಿ ದೊಡ್ಡ ಅವಮಾನ. ಸೈಮಿ ಕುಡಿದಳು. ಸಂಪ್ಸಾ ಮೇಜು ಸುತ್ತಿ ಬಂದು ಅವಳನ್ನು ತಬ್ಬಿಕೊಂಡ. ಅವನ ಕೆನ್ನೆ ಒದ್ದೆಯಾಗಿತ್ತು. "ಉಳಿಸ್ದೆ ಕಣೆ. ನೀನು ಹೇಳೇಬಿಡ್ತೀಯ ಅಂತ ಅಂದ್ಕೊಂಡಿದ್ದೆ" ಎಂದು ಕಿವಿಯಲ್ಲಿ ಹೇಳಿದ. ಅವಳು ಅವನ ಮಾನ ಕಾಯಲೆಂದೇ ಅದನ್ನು ನಗೆಗೆ ತಿರುಗಿಸಿದಳು ಎಂದು ಅವನು ಆಗಲೇ ನಂಬಿಯಾಗಿತ್ತು.

ಕೋಟು ತೂಗುಹಾಕುವ ಕೋಣೆಯ ಹತ್ತಿರ ಮರ್ಯಾನಾ ಒಬ್ಬಳೇ ಸಿಕ್ಕಳು. ಸೈಮಿ ಅವಳ ದಾರಿಗೆ ಅಡ್ಡ ನಿಂತಳು.

"ನಾನು ಹೇಳಿದ್ದು ನಿಜ."

ಮರ್ಯಾನಾ ಮತ್ತೆ ನಗಲು ಹೋದಳು, ಅವಳ ಮುಖ ನೋಡಿ ನಿಲ್ಲಿಸಿದಳು. ಮಧ್ಯಾಹ್ನ ತಾನೇ ಕೇಳಿದ ಪ್ರಶ್ನೆ ನೆನಪಾಗಿರಬೇಕು. ಮುಖದ ಮೇಲಿನ ಕೆಂಪು ನಿಧಾನವಾಗಿ ಇಳಿಯಿತು.

"ಸುಟ್ಟು ನೋಡಿದ್ಯಾ?"

"ಎಷ್ಟೋ ಸಲ."

"ಮಧ್ಯಾಹ್ನ ಸಭೇಲಿ ಇದ್ದೆ ತಾನೆ ನೀನು? ಮೂರನೇ ಸಾಲಲ್ಲಿ."

"ಇದ್ದೆ."

"ಆಕ್ಷೇಪ ಇದ್ಯಾ ಅಂತ ಕೇಳಿದ್ರು. ಆಗ ನೀನು ಎದ್ದಿದ್ರೆ ನಾನು ನನ್ನ ಒಪ್ಪಿಗೆ ವಾಪಸ್ ತಗೊಳ್ಳಲೇಬೇಕಿತ್ತು. ತಗೊಳ್ತಿದ್ದೆ." ಮರ್ಯಾನಾ ದನಿ ತಗ್ಗಿಸಿದಳು. "ನೀನು ಸುಮ್ನೆ ಕೂತಿದ್ದೆ. ಕೋಟೆ ಸೂರೆ ಹೋದ್ಮೇಲೆ ಬಂದು ಬಾಗ್ಲು ತಟ್ತಿದೀಯ. ಈಗ ನಾನು ಬಾಯಿಬಿಟ್ರೆ, ಎಲ್ಲರ ಮುಂದೆ ಹೌದು ಅಂತ ಹೇಳ್ದೋಳು ನಾನು, ಆಮೇಲೆ ಇದನ್ನ ಕೇಳಿ ಹೊಟ್ಟೆ ಬಿರಿಯೋ ಹಾಗೆ ನಕ್ಕೋಳೂ ನಾನು."

"ಹಾಗಾದ್ರೆ?"

"ಹಾಗಾದ್ರೆ ತಮಾಷೆಯಾಗೇ ಇರ್ಲಿ. ಚೆನ್ನಾಗಿತ್ತು, ನಿಜವಾಗ್ಲೂ. ತುರ್ಕುಗೆ ಹೋಗಿ ನಾನೂ ಎಲ್ರಿಗೂ ಹೇಳ್ತೀನಿ." ಅವಳು ಸೈಮಿಯ ತೋಳು ಮೆಲ್ಲಗೆ ತಟ್ಟಿದಳು. "ಇನ್ಮೇಲೆ ಎಲ್ಲೂ ಇದನ್ನ ಗಂಭೀರವಾಗಿ ಹೇಳೋಕೆ ಹೋಗ್ಬೇಡ. ಯಾರೂ ನಂಬಲ್ಲ, ಆಗ್ಲೇ ಕೇಳಿದೀವಿ ಅಂತಾರೆ."

ಒಳಗೆ ಕುಣಿತಕ್ಕೆ ಮೇಜುಗಳನ್ನು ಬದಿಗೆ ಸರಿಸುತ್ತಿದ್ದರು. ಹಿಲ್ಕಾ ತನ್ನ ಪಕ್ಕದ ಕುರ್ಚಿಯ ಮೇಲೆ ಕೈಯಿಟ್ಟು ಸೈಮಿಗೆ ಜಾಗ ಕಾದಿದ್ದಳು. ದೂರದಿಂದಲೇ ಕೈಬೀಸಿ ಕರೆದು, ಹತ್ತಿರ ಬಂದ ಮೇಲೆ ಅವಳ ಕೆನ್ನೆ ಸವರಿದಳು.

"ನಂಗೇನೂ ಅರ್ಥ ಆಗ್ಲಿಲ್ಲಮ್ಮ. ಆದ್ರೂ ಎಷ್ಟು ನಕ್ಕೆ ಅಂತೀಯ. ಇನ್ನೊಂದ್ಸಲ ಹೇಳು, ಊರಿಗೆ ಹೋಗಿ ಹೇಳ್ತೀನಿ."

ಸೈಮಿ ಕೂತಳು. ಇನ್ನೊಂದು ಸಲ ಹೇಳಿದಳು.